ಹಾಡುಗಳು ಸಿದ್ಧವಿದ್ದವು, ಶಾರೀರವಿರಲಿಲ್ಲ

ಒಂದು ಕೃತಿಯ ಎರಡನೆಯ ಭಾಗ ಬಹಳ ತಡವಾಗಿ ಬಂದರೆ, ಬರೆಯುವವರಿಗೆ ಬರೆಯಲು ಅಷ್ಟು ಕಾಲ ಹಿಡಿಯಿತೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಅಮೆರಿಕದ ರಾಕ್ ಗಾಯಕ ಮೀಟ್ ಲೋಫ್ ಅವರ 'ಬ್ಯಾಟ್ ಔಟ್ ಆಫ್ ಹೆಲ್' ಆಲ್ಬಂ ಬಂದದ್ದು 1977ರ ಅಕ್ಟೋಬರಿನಲ್ಲಿ. ಅದರ ಎರಡನೆಯ ಭಾಗವಾದ 'ಬ್ಯಾಕ್ ಇನ್‌ಟು ಹೆಲ್' ಬಂದದ್ದು 1993ರ ಸೆಪ್ಟೆಂಬರಿನಲ್ಲಿ. ನಡುವೆ ಹದಿನಾರು ವರ್ಷಗಳು ಕಳೆದಿದ್ದವು. ಆದರೆ ಈ ಎರಡನೆಯ ಭಾಗದಲ್ಲಿರುವ ಹನ್ನೊಂದು ತುಣುಕುಗಳಲ್ಲಿ ಆರು, ಅದು ಬರುವುದಕ್ಕೆ ಬಹಳ ಮೊದಲೇ ಬೇರೆಯವರ ದನಿಯಲ್ಲಿ ಬಿಡುಗಡೆಯಾಗಿ ಅಂಗಡಿಗಳಲ್ಲಿ ಮಾರಾಟವಾಗಿದ್ದವು: ನಾಲ್ಕು 1981ರಲ್ಲಿ (ಮೂರು ಹಾಡುಗಳು, ಒಂದು ಬರಿಯ ಮಾತಿನ ತುಣುಕು), ಎರಡು 1989ರಲ್ಲಿ. ಅರ್ಧಕ್ಕಿಂತ ಹೆಚ್ಚು ಭಾಗ ಮೊದಲೇ ಲೋಕದ ಕಿವಿಗೆ ಬಿದ್ದಿದ್ದ ಆಲ್ಬಂ ಒಂದನ್ನು ಜನ ಹೊಸದೆಂದು ಬರಮಾಡಿಕೊಂಡದ್ದು ಹೇಗೆ, ಮತ್ತು ಹಾಡುಗಳೇ ಸಿದ್ಧವಿದ್ದ ಮೇಲೆ ತಡವಾದದ್ದು ಯಾವುದು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ.

ಆ ಪ್ರಶ್ನೆ ಮೊದಲು ಎದ್ದದ್ದು ಬೆಂಗಳೂರಿನಲ್ಲಿ ಹಳೆಯ ಎಲ್‌ಪಿಗಳನ್ನು ಮಾರುವ ಒಂದು ಸಣ್ಣ ಅಂಗಡಿಯಲ್ಲಿ. ಧೂಳು ಹಿಡಿದ ಸಾಲಿನೊಳಗಿಂದ ನಾನು ಹೊರಗೆಳೆದ ತಟ್ಟೆಯ ಹೊದಿಕೆಯನ್ನು ನೋಡಿದ ಕೂಡಲೇ ಚಿತ್ರಕಾರನ ಕೈ ಗುರುತು ಸಿಕ್ಕಿತು. 'ಬ್ಯಾಟ್ ಔಟ್ ಆಫ್ ಹೆಲ್'ನ ಹೊದಿಕೆಯ ಮೇಲೆ ಸಮಾಧಿಯಿಂದ ಸಿಡಿದೇಳುವ ಮೋಟಾರ್ ಸೈಕಲ್ಲನ್ನು ಬರೆದ ರಿಚರ್ಡ್ ಕಾರ್ಬೆನ್ ಅವರದೇ ಚಿತ್ರ ಅದು. ಆಲ್ಬಂನ ಹೆಸರು 'ಬ್ಯಾಡ್ ಫಾರ್ ಗುಡ್', ವರ್ಷ 1981, ಹಾಡಿದವರು ಜಿಮ್ ಸ್ಟೈನ್‌ಮನ್. ಅಂಗಡಿಯ ಹಿರಿಯರು ನನ್ನ ಮುಖ ನೋಡಿ, "ಇದು ಮೀಟ್ ಲೋಫ್ ಅಲ್ಲ ಸಾರ್. ಅವರಿಗೆ ಹಾಡು ಬರ್ದುಕೊಡ್ತಿದ್ರಲ್ಲ, ಅವರೇ ಹಾಡಿರೋದು. ಒಂದು ಸಲ ಕೇಳಿ, ಆಮೇಲೆ ಬೇಕಾದ್ರೆ ತಗೊಳ್ಳಿ" ಎಂದರು. ಮೂಲದಲ್ಲಿ ಇದರ ಜೊತೆಗೆ ಬರುತ್ತಿದ್ದ ಏಳು ಇಂಚಿನ ಪುಟ್ಟ ತಟ್ಟೆ ಎಂದೋ ಕಳೆದುಹೋಗಿತ್ತು, ದೊಡ್ಡದೊಂದೇ ಉಳಿದಿತ್ತು. ಅವರು ಅದನ್ನು ಬಟ್ಟೆಯಿಂದ ಒರೆಸಿ, ಮುಳ್ಳನ್ನು ಎರಡನೆಯ ಬದಿಯ ಮೇಲಿಟ್ಟರು. 'ಔಟ್ ಆಫ್ ದ ಫ್ರೈಯಿಂಗ್ ಪ್ಯಾನ್' ಹಾಡು. 1993ರ ಆಲ್ಬಂನಲ್ಲಿ ನನಗೆ ಬಾಯಿಪಾಠವಾಗಿದ್ದ ಹಾಡು ಅದು. ಪಿಯಾನೊ ಅದೇ ರೀತಿ ಓಡುತ್ತಿತ್ತು, ಹಿಮ್ಮೇಳದ ದನಿಗಳು ಅದೇ ರೀತಿ ಒಂದರ ಮೇಲೊಂದು ಏರುತ್ತಿದ್ದವು, ಮಾತುಗಳೂ ಅವೇ. ಆದರೆ ಹಾಡುತ್ತಿದ್ದ ಕಂಠ ತೆಳುವಾಗಿ, ಮೇಲಿನ ಸ್ವರಗಳನ್ನು ಮುಟ್ಟಲು ತುದಿಗಾಲಿನಲ್ಲಿ ನಿಂತಂತೆ ಕೇಳಿಸುತ್ತಿತ್ತು. ತಾನೇ ಬರೆದ ಹಾಡು ತನ್ನ ಅಳತೆಗಿಂತ ದೊಡ್ಡದಾಗಿರುವುದನ್ನು ಒಬ್ಬ ಕವಿ ತನ್ನ ಕಂಠದಿಂದಲೇ ಕಂಡುಕೊಳ್ಳುತ್ತಿರುವಂತಿತ್ತು ಆ ಮುದ್ರಣ.

ಕರಾವಳಿಯ ನೆಂಟರ ಊರುಗಳಲ್ಲಿ ಯಕ್ಷಗಾನ ನೋಡಿ ಬೆಳೆದವನಿಗೆ ಇದು ತೀರ ಹೊಸ ಅನುಭವವೇನಲ್ಲ. ಪ್ರಸಂಗ ಒಂದೇ, ಪದ್ಯಗಳು ಅವೇ, ಮದ್ದಲೆ ಚೆಂಡೆಗಳೂ ಬದಲಾಗಿಲ್ಲ. ಭಾಗವತರು ಬದಲಾದರೆ ಆಟವೇ ಬೇರೆಯಾಗುತ್ತದೆ. ಆದರೂ ಈ ತಟ್ಟೆಯ ವಿಷಯ ಅದಕ್ಕಿಂತ ತೀಕ್ಷ್ಣವಾಗಿತ್ತು. ಮೊದಲ ಆಲ್ಬಂ ಕಟ್ಟಿದ ಬಹುಪಾಲು ಜನ ಇದರಲ್ಲಿದ್ದರು: ನಿರ್ಮಾಣದಲ್ಲಿ ಟಾಡ್ ರನ್‌ಗ್ರೆನ್, ಪಿಯಾನೊದಲ್ಲಿ ರಾಯ್ ಬಿಟ್ಟನ್, ಡ್ರಮ್ಸ್‌ನಲ್ಲಿ ಮ್ಯಾಕ್ಸ್ ವೈನ್‌ಬರ್ಗ್, ಹೊದಿಕೆಗೆ ಕಾರ್ಬೆನ್. ಎರಡನೆಯ ಭಾಗವೆಂದು ಕರೆಸಿಕೊಳ್ಳಲು ಬೇಕಾದುದೆಲ್ಲ 1981ರಲ್ಲೇ ಕೂಡಿಬಂದಿತ್ತು, ಒಂದರ ಹೊರತಾಗಿ.

ಮುಗಿಯದ ನಾಟಕದ ಹಾಡುಗಳು

ಸ್ಟೈನ್‌ಮನ್ ಮತ್ತು ಮೀಟ್ ಲೋಫ್ ಇಬ್ಬರೂ 1947ರ ಶರತ್ಕಾಲದಲ್ಲಿ, ಐದೇ ವಾರಗಳ ಅಂತರದಲ್ಲಿ ಹುಟ್ಟಿದವರು. ಒಬ್ಬರು ನ್ಯೂಯಾರ್ಕಿನಲ್ಲಿ, ಇನ್ನೊಬ್ಬರು ಟೆಕ್ಸಸ್‌ನ ಡಲ್ಲಾಸಿನಲ್ಲಿ. ಅವರು ಪರಸ್ಪರ ಕಂಡದ್ದು ರಾಕ್ ಸಂಗೀತದ ವೇದಿಕೆಯಲ್ಲಲ್ಲ, ರಂಗಭೂಮಿಯಲ್ಲಿ. 1973ರಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನಲ್ಲಿ ಸ್ಟೈನ್‌ಮನ್ ಸಂಗೀತ ನೀಡಿದ ನಾಟಕವೊಂದರಲ್ಲಿ ಮೀಟ್ ಲೋಫ್ ನಟಿಸಿದರು. ಈ ಸಂಗತಿಯನ್ನು ನಾನು ಮುಖ್ಯವೆಂದು ಎಣಿಸುತ್ತೇನೆ, ಏಕೆಂದರೆ ಮುಂದೆ ನಡೆದುದೆಲ್ಲವೂ ಇದರಿಂದಲೇ ಅರ್ಥವಾಗುತ್ತದೆ. ಮೀಟ್ ಲೋಫ್ ತಮ್ಮನ್ನು ಗಾಯಕ ಎನ್ನುವುದಕ್ಕಿಂತ ನಟ ಎಂದೇ ಹೇಳಿಕೊಳ್ಳುತ್ತಿದ್ದರು. ಪ್ರತಿ ಹಾಡಿಗೂ ಒಂದು ಪಾತ್ರ ಸಿಗದೆ ಅವರಿಗೆ ಹಾಡಲಾಗುತ್ತಿರಲಿಲ್ಲ. ಸ್ಟೈನ್‌ಮನ್‌ಗೆ ಜರ್ಮನ್ ಸಂಗೀತಕಾರ ವಾಗ್ನರನ ಒಪೆರಾಗಳು ಪ್ರಾಣ. ಆ ಒಪೆರಾಗಳ ಗಾತ್ರವನ್ನೂ ಹದಿಹರೆಯದ ಮೋಟಾರ್ ಸೈಕಲ್ ಕನಸುಗಳನ್ನೂ ಒಂದೇ ಪಿಯಾನೊದ ಮೇಲೆ ಕೂರಿಸುವುದು ಅವರ ಜೀವಮಾನದ ಕೆಲಸವಾಗಿತ್ತು.

ಎಂದಿಗೂ ದೊಡ್ಡವನಾಗದ ಹುಡುಗ ಪೀಟರ್ ಪ್ಯಾನನ ಕಥೆಯನ್ನು ಭವಿಷ್ಯದ ನಗರವೊಂದಕ್ಕೆ ಒಯ್ದು, 'ನೆವರ್‌ಲ್ಯಾಂಡ್' ಎಂಬ ಸಂಗೀತ ನಾಟಕವನ್ನು ಸ್ಟೈನ್‌ಮನ್ ಎಪ್ಪತ್ತರ ದಶಕದಲ್ಲಿ ಕಟ್ಟುತ್ತಿದ್ದರು. 'ಬ್ಯಾಟ್ ಔಟ್ ಆಫ್ ಹೆಲ್' ಎಂಬ ಶೀರ್ಷಿಕೆ ಗೀತೆ, 'ಹೆವನ್ ಕ್ಯಾನ್ ವೇಟ್', 'ಆಲ್ ರೆವ್ಡ್ ಅಪ್' ಇವು ಆ ನಾಟಕಕ್ಕಾಗಿ ಹುಟ್ಟಿದವು. ನಾಟಕ ಪೂರ್ಣರೂಪಕ್ಕೆ ಬರುವ ಮೊದಲೇ ಹಾಡುಗಳು ಆಲ್ಬಂ ಆದವು. ಕಂಪನಿಗಳ ಕಚೇರಿಗಳಲ್ಲಿ ಸ್ಟೈನ್‌ಮನ್ ಪಿಯಾನೊ ಬಾರಿಸುತ್ತಿದ್ದರು, ಮೀಟ್ ಲೋಫ್ ಮತ್ತು ಎಲೆನ್ ಫೋಲಿ ಎದುರಿಗೆ ನಿಂತು ಹಾಡುತ್ತಿದ್ದರು, ಕೇಳಿದವರು ಒಬ್ಬರ ನಂತರ ಒಬ್ಬರು ಬೇಡವೆನ್ನುತ್ತಿದ್ದರು. ಕೊನೆಗೆ ರನ್‌ಗ್ರೆನ್ ನಿರ್ಮಾಣಕ್ಕೆ ಒಪ್ಪಿದರು, ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿಯ ಬೇರ್ಸ್‌ವಿಲ್ ಸ್ಟುಡಿಯೊದಲ್ಲಿ ಮುದ್ರಣ ನಡೆಯಿತು, ಕ್ಲೀವ್‌ಲ್ಯಾಂಡ್ ಇಂಟರ್‌ನ್ಯಾಷನಲ್ ಎಂಬ ಪುಟ್ಟ ಕಂಪನಿ ಅದನ್ನು ಹೊರತಂದಿತು. ಕೇವಲ ಏಳು ಹಾಡುಗಳ ಆ ಆಲ್ಬಂ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕಿಂತ ಮೇಲೆ ಏರಲೇ ಇಲ್ಲ. ಆದರೆ ಇಳಿಯಲೂ ಇಲ್ಲವೆನ್ನುವಂತೆ ವರ್ಷಗಟ್ಟಲೆ ಮಾರಾಟವಾಗುತ್ತ, ಜಗತ್ತಿನ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳ ಸಾಲಿಗೆ ಸೇರಿತು.

ಇದರಿಂದ ಹೊಳೆಯುವುದೇನೆಂದರೆ, ಎರಡನೆಯ ಭಾಗ ಯಾರೋ ಮಾರಾಟದ ಲೆಕ್ಕ ನೋಡಿ ಹುಟ್ಟಿಸಿದ ಯೋಚನೆಯಲ್ಲ. ಮೊದಲ ಆಲ್ಬಮ್ಮೇ ಒಂದು ದೊಡ್ಡ, ಮುಗಿಯದ ನಾಟಕದ ತುಂಡಾಗಿತ್ತು. ಉಳಿದುದನ್ನು ಹೇಳಿ ಮುಗಿಸುವ ಹಂಬಲ ಸ್ಟೈನ್‌ಮನ್‌ಗೆ ಮೊದಲ ದಿನದಿಂದಲೂ ಇತ್ತು, ಮತ್ತು ಅವರು ಕೂಡಲೇ ಬರೆಯಲು ತೊಡಗಿದರು.

ದನಿ ಹೋದ ಮೇಲೆ

ಮೊದಲ ಆಲ್ಬಂನ ಪ್ರವಾಸ ಮೀಟ್ ಲೋಫ್ ಅವರ ಮೈಯನ್ನು ಹಿಂಡಿಹಾಕಿತು. ರಾತ್ರಿಯಿಂದ ರಾತ್ರಿಗೆ ಅವರು ಹಾಡುತ್ತಿರಲಿಲ್ಲ, ಹಾಡಿನೊಳಗೆ ತಮ್ಮನ್ನು ಎಸೆದುಕೊಳ್ಳುತ್ತಿದ್ದರು. 1978ರಲ್ಲಿ ಕೆನಡಾದ ಒಟ್ಟಾವಾದಲ್ಲಿ ವೇದಿಕೆಯ ಅಂಚಿನಿಂದ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡರು. ಕಾಲು ವಾಸಿಯಾಯಿತು, ಆದರೆ ಎರಡನೆಯ ಆಲ್ಬಂ ಮುದ್ರಿಸುವ ಹೊತ್ತಿಗೆ ದನಿ ಹೊರಡದಾಯಿತು. ಹಾಡುಗಳು ಬರೆದಾಗಿದ್ದವು, ವಾದ್ಯಗಳ ಮುದ್ರಣ ಸಾಗಿತ್ತು, ಹಾಡಬೇಕಾದವರು ಮೈಕಿನ ಮುಂದೆ ನಿಂತರೆ ಮೊದಲಿನ ಶಾರೀರದ ಬದಲು ಗೊಗ್ಗರು ದನಿ ಬರುತ್ತಿತ್ತು. ಕಾದು ಕಾದು, ಕಡೆಗೆ ಸ್ಟೈನ್‌ಮನ್ ಅವುಗಳನ್ನು ತಾವೇ ಹಾಡಿ 'ಬ್ಯಾಡ್ ಫಾರ್ ಗುಡ್' ಎಂದು ಬಿಡುಗಡೆ ಮಾಡಿದರು. ಅದರಲ್ಲಿಯೂ 'ರಾಕ್ ಅಂಡ್ ರೋಲ್ ಡ್ರೀಮ್ಸ್ ಕಮ್ ಥ್ರೂ' ಹಾಡನ್ನು ರೋರಿ ಡಾಡ್ ಎಂಬ ಹಿಮ್ಮೇಳದ ಗಾಯಕರಿಗೆ ಒಪ್ಪಿಸಿದರು. ಅದೇ 1981ರಲ್ಲಿ, ದನಿ ಒಂದಿಷ್ಟು ಮರಳಿದ ಮೀಟ್ ಲೋಫ್ ಅವರಿಗಾಗಿ ಸ್ಟೈನ್‌ಮನ್ ಬರೆದ ಬೇರೆ ಹಾಡುಗಳ 'ಡೆಡ್ ರಿಂಗರ್' ಬಂದಿತು. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಿದರೂ ಅಮೆರಿಕದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಒಂದರಲ್ಲಿ ಬರೆದವರ ಪೂರ್ಣ ಕಾಳಜಿಯಿದ್ದು ಹಾಡುವವರಿರಲಿಲ್ಲ, ಇನ್ನೊಂದರಲ್ಲಿ ಹಾಡುವವರಿದ್ದು ಬರೆದವರ ಕೈ ಕೊನೆಯವರೆಗೆ ಇರಲಿಲ್ಲ. ಒಂದೇ ವರ್ಷದಲ್ಲಿ ಎರಡು ಅರ್ಧಗಳು ಬೇರೆ ಬೇರೆಯಾಗಿ ಲೋಕಕ್ಕೆ ಬಂದದ್ದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಮುಂದಿನದು ನ್ಯಾಯಾಲಯಗಳ ಕಥೆ. ಅದನ್ನು ಬೆಳೆಸುವ ಆಸೆ ನನಗಿಲ್ಲ. ಇಬ್ಬರ ನಡುವೆ ದಾವೆಗಳು ಹೂಡಲ್ಪಟ್ಟವು, 1983ರಲ್ಲಿ ಮೀಟ್ ಲೋಫ್ ದಿವಾಳಿ ಅರ್ಜಿ ಸಲ್ಲಿಸಿದರು. ಆ ವರ್ಷದ ಅವರ ಆಲ್ಬಂನಲ್ಲಿ ಸ್ಟೈನ್‌ಮನ್ ಅವರ ಒಂದು ಹಾಡೂ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಪಟ್ಟಿಯ ಮೊದಲ ಎರಡು ಸ್ಥಾನಗಳಲ್ಲಿ ಕುಳಿತಿದ್ದ ಹಾಡುಗಳು ಎರಡೂ ಸ್ಟೈನ್‌ಮನ್ ಬರೆದವು: ಬಾನಿ ಟೈಲರ್ ಹಾಡಿದ 'ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್' ಮತ್ತು ಏರ್ ಸಪ್ಲೈ ತಂಡದ 'ಮೇಕಿಂಗ್ ಲವ್ ಔಟ್ ಆಫ್ ನಥಿಂಗ್ ಅಟ್ ಆಲ್'. ಇವೆರಡೂ ಮೊದಲು ತಮಗೇ ಬಂದಿದ್ದವೆಂದು, ಕಂಪನಿ ಹಣ ಕೊಡಲೊಪ್ಪದೆ ಕೈತಪ್ಪಿದವೆಂದು ಮೀಟ್ ಲೋಫ್ ಮುಂದೆ ಹೇಳುತ್ತಿದ್ದರು. ಸಣ್ಣ ಸಭಾಂಗಣಗಳಲ್ಲಿ ಹಾಡಿ ಸಾಲ ತೀರಿಸುತ್ತಿದ್ದ ಮನುಷ್ಯನಿಗೆ ರೇಡಿಯೊ ಹಾಕಿದರೆ ತನ್ನದಾಗಬೇಕಿದ್ದ ಹಾಡುಗಳು ಬೇರೆಯವರ ದನಿಯಲ್ಲಿ ಕೇಳುತ್ತಿದ್ದ ಕಾಲವದು. 1989ರಲ್ಲಿ ಸ್ಟೈನ್‌ಮನ್ 'ಪಂಡೋರಾಸ್ ಬಾಕ್ಸ್' ಎಂಬ ಗಾಯಕಿಯರ ತಂಡ ಕಟ್ಟಿ 'ಒರಿಜಿನಲ್ ಸಿನ್' ಎಂಬ ಆಲ್ಬಂ ಮಾಡಿದರು. ಅದಕ್ಕೆ ಕೇಳುಗರೇ ಸಿಗಲಿಲ್ಲ. ಅದರಲ್ಲಿದ್ದ 'ಇಟ್ ಜಸ್ಟ್ ವೋಂಟ್ ಕ್ವಿಟ್' ಮತ್ತು 'ಗುಡ್ ಗರ್ಲ್ಸ್ ಗೋ ಟು ಹೆವನ್' ನಾಲ್ಕು ವರ್ಷಗಳ ನಂತರ ಮೀಟ್ ಲೋಫ್ ಅವರ ಬಳಿ ಬಂದವು. ಅದರಲ್ಲಿಯೇ ಇದ್ದ 'ಇಟ್ಸ್ ಆಲ್ ಕಮಿಂಗ್ ಬ್ಯಾಕ್ ಟು ಮಿ ನೌ' ಮಾತ್ರ ಬರಲಿಲ್ಲ. ಮೀಟ್ ಲೋಫ್ ಅದನ್ನು ಬಹಳ ಬಯಸಿದ್ದರು. ಅದು ಹೆಣ್ಣಿನ ದನಿಯ ಹಾಡು ಎಂದು ಸ್ಟೈನ್‌ಮನ್ ಕೊಡಲಿಲ್ಲ. 1996ರಲ್ಲಿ ಸೆಲೀನ್ ಡಿಯೋನ್ ಹಾಡಿದ ಮೇಲೆ ಅದು ಜಗತ್ತಿಗೆಲ್ಲ ಗೊತ್ತಾಯಿತು.

ಹಾಸ್ಟೆಲಿನ ಟಿವಿ ಕೋಣೆ

ಸ್ಟಾರ್ ಟಿವಿಯ ಮೂಲಕ ಎಂಟಿವಿ ನಮ್ಮ ಊರುಗಳಿಗೂ ಬರುತ್ತಿದ್ದ ಆ ಕೆಲವೇ ವರ್ಷಗಳಲ್ಲಿ ನಾನು ಹಾಸ್ಟೆಲಿನಲ್ಲಿದ್ದೆ. ಟಿವಿ ಕೋಣೆಯಲ್ಲಿ ಸಂಜೆ ಹೊತ್ತು ಒಂದೇ ಚಾನೆಲ್ಲಿಗಾಗಿ ಜಗಳವಾಗುತ್ತಿತ್ತು. ಒಂದು ಸಂಜೆ ಯಾರೋ ಸುದ್ದಿ ಹಾಕಲೆಂದು ಎದ್ದಾಗ ಪರದೆಯ ಮೇಲೆ ಮೃಗದ ಮುಖವಾಡದ ಒಬ್ಬ ದೈತ್ಯ ಮೋಟಾರ್ ಸೈಕಲ್ಲಿನಲ್ಲಿ ಓಡುತ್ತಿದ್ದ, ಹಿಂದೆ ಹೆಲಿಕಾಪ್ಟರುಗಳು, ಮುಂದೆ ಮೇಣದ ಬತ್ತಿ ಹಚ್ಚಿದ ಅರಮನೆ. ಮೂಲೆಯಲ್ಲಿ ಕುಳಿತಿದ್ದ ನಮ್ಮ ಸೀನಿಯರ್ ಒಬ್ಬರು, ಯಾವ ವಿಷಯಕ್ಕೂ ದನಿಯೆತ್ತದವರು, "ಲೋ, ಮುಟ್ಬೇಡ್ರೋ ಅದನ್ನ. ಹಾಡು ಮುಗೀಲಿ" ಎಂದು ಗದರಿದರು. ಹಾಡು ಮುಗಿಯುವ ಲಕ್ಷಣ ಕಾಣಲಿಲ್ಲ. ಸುದ್ದಿಗೆಂದು ಎದ್ದವರು ನಿಂತೇ ಇದ್ದರು, ಆಮೇಲೆ ಕುಳಿತರು. ಆ ಸೀನಿಯರ್ ಬಳಿ ಅವರ ಅಣ್ಣನ ಹಳೆಯ ಕ್ಯಾಸೆಟ್ ಒಂದಿತ್ತು. ಅದೇ ರಾತ್ರಿ ಅವರ ಕೋಣೆಯಲ್ಲಿ ನಾನು 1977ರ ಆಲ್ಬಂ ಅನ್ನು ಮೊದಲ ಬಾರಿಗೆ ಪೂರ್ತಿ ಕೇಳಿದೆ. ಅಂದರೆ ಎರಡನೆಯ ಭಾಗದ ಹಾಡನ್ನು ಕೇಳಿದ ಕೆಲವೇ ಗಂಟೆಗಳ ಒಳಗೆ ಮೊದಲ ಭಾಗವನ್ನು ಕೇಳುವ ಭಾಗ್ಯ ನನ್ನದಾಯಿತು. ಹದಿನಾರು ವರ್ಷ ಕಾದವರಿಗೆ ಕಾಣದ ಒಂದು ಸಂಬಂಧ ನನಗೆ ಅಂದು ಕಂಡಿತೆಂದು ತೋರುತ್ತದೆ.

ಅದು ಹೀಗೆ. 1977ರ 'ಪ್ಯಾರಡೈಸ್ ಬೈ ದ ಡ್ಯಾಶ್‌ಬೋರ್ಡ್ ಲೈಟ್' ಹಾಡಿನಲ್ಲಿ ಕೆರೆಯ ದಡದಲ್ಲಿ ನಿಲ್ಲಿಸಿದ ಕಾರಿನೊಳಗೆ ಹದಿಹರೆಯದ ಜೋಡಿಯೊಂದಿದೆ. ಹುಡುಗನ ಆತುರ ಮಿತಿ ಮೀರಿದಾಗ ಹುಡುಗಿ ತಡೆದು, ಜೀವನಪೂರ್ತಿ ಪ್ರೀತಿಸುವೆಯಾ, ಈಗಲೇ ಹೇಳು ಎಂದು ಕೇಳುತ್ತಾಳೆ. ಅವನು ಬೆಳಿಗ್ಗೆಯವರೆಗೆ ಸಮಯ ಬೇಡುತ್ತಾನೆ, ಅವಳು ಬಿಡುವುದಿಲ್ಲ, ಕೊನೆಗೆ ಅವನು ಕಾಲದ ಕೊನೆಯವರೆಗೆ ಪ್ರೀತಿಸುವೆನೆಂದು ಆಣೆಯಿಡುತ್ತಾನೆ. ಆಣೆಯಿಟ್ಟಮೇಲೆ, ಕಾಲವೇ ಬೇಗ ಮುಗಿಯಲಿ ಎಂದು ಹಾರೈಸುತ್ತಾನೆ. 1993ರ 'ಐ ವುಡ್ ಡು ಎನಿಥಿಂಗ್ ಫಾರ್ ಲವ್' ಹಾಡಿನಲ್ಲಿಯೂ ಹೆಣ್ಣಿನ ದನಿ ಕೊನೆಗೇ ಬರುತ್ತದೆ, ಬಂದು ಪ್ರಶ್ನೆಗಳನ್ನೇ ಕೇಳುತ್ತದೆ. ಈ ಬಾರಿ ಗಂಡಸು ಪ್ರತಿಯೊಂದಕ್ಕೂ ಒಪ್ಪುತ್ತಾನೆ. ಆಗ ಅವಳು, ಕೆಲ ಕಾಲದ ನಂತರ ನೀನೂ ಎಲ್ಲ ಮರೆತು ಹೊರಟುಹೋಗುವೆ ಎನ್ನುತ್ತಾಳೆ. ತಾನು ಎಂದೂ ಮಾಡಲಾರೆನೆಂದು ಅವನು ಹಾಡಿನುದ್ದಕ್ಕೂ ಹೇಳುತ್ತ ಬಂದದ್ದು ಅದನ್ನೇ. ಆಣೆಯಲ್ಲಿ ಸಿಕ್ಕಿಬಿದ್ದ ಹುಡುಗ ಮೊದಲ ಹಾಡಿನಲ್ಲಿ. ಆಣೆಯನ್ನು ಮುರಿಯಲಾರೆನೆಂಬ ನಡುವಯಸ್ಸಿನ ಮನುಷ್ಯ ಎರಡನೆಯದರಲ್ಲಿ. ಇದು ಬರಿಯ ಹೋಲಿಕೆಯಲ್ಲ, ಉತ್ತರ. ಈ ಉತ್ತರವನ್ನು 1979ರಲ್ಲಿ ಬರೆಯಲು ಸಾಧ್ಯವಿರಲಿಲ್ಲ, ಬರೆದಿದ್ದರೂ ಮೂವತ್ತರ ದನಿಯಲ್ಲಿ ಅದನ್ನು ಯಾರೂ ನಂಬುತ್ತಿರಲಿಲ್ಲ.

ಹನ್ನೆರಡು ನಿಮಿಷಗಳ ಈ ಹಾಡಿಗೆ ಇನ್ನೊಂದು ಕಾರಣದಿಂದಲೂ 1993ರವರೆಗಿನ ಕಾಲ ಬೇಕಿತ್ತು. ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷಗಳಷ್ಟೇ ಚೆನ್ನಾಗಿ ಕೂರುತ್ತವೆ. ಸೀಡಿ ಬಂದ ಮೇಲೆ ಸುಮಾರು 75 ನಿಮಿಷಗಳ ಆಲ್ಬಂ ಮಾಡಲು ಸ್ಟೈನ್‌ಮನ್‌ಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಈ ಸ್ವಾತಂತ್ರ್ಯ ಎಲ್ಲ ಕಡೆಯೂ ಒಳ್ಳೆಯದನ್ನು ಮಾಡಿತೆಂದು ನಾನು ಹೇಳಲಾರೆ. 'ಲೈಫ್ ಈಸ್ ಎ ಲೆಮನ್' ತನ್ನ ಸಿಟ್ಟನ್ನು ಹೇಳಿ ಮುಗಿಸಿದ ಮೇಲೂ ನಿಲ್ಲುವುದಿಲ್ಲ.

ಸ್ಟುಡಿಯೊದ ಎರಡು ವರ್ಷಗಳು

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಇಬ್ಬರೂ ಮತ್ತೆ ಮಾತಿಗೆ ಕುಳಿತಿದ್ದರು. ಮುದ್ರಣ 1991ರಿಂದ 1993ರವರೆಗೆ, ಹೆಚ್ಚಾಗಿ ಲಾಸ್ ಏಂಜಲೀಸ್‌ನ ಓಷನ್ ವೇ ಸ್ಟುಡಿಯೊದಲ್ಲಿ ನಡೆಯಿತು. ಈ ಬಾರಿ ನಿರ್ಮಾಪಕರು ಸ್ಟೈನ್‌ಮನ್ ತಾವೇ. ಮೊದಲ ಆಲ್ಬಂನಲ್ಲಿ ರನ್‌ಗ್ರೆನ್ ಅವರ ಕೈ ವೇಗದ್ದು. ಶೀರ್ಷಿಕೆ ಗೀತೆಯಲ್ಲಿ ಮೋಟಾರ್ ಸೈಕಲ್ಲಿನ ಸದ್ದನ್ನು ಗಿಟಾರಿನಲ್ಲೇ, ನಿಂತ ನಿಲುವಿನಲ್ಲಿ ಬಾರಿಸಿ ಮುಗಿಸಿದವರು ಅವರು. ಸ್ಟೈನ್‌ಮನ್ ಹಾಗಲ್ಲ. ಹಿಮ್ಮೇಳವನ್ನು ಪದರ ಪದರವಾಗಿ ಏರಿಸುವುದು, ಒಂದು ಮೌನದ ಉದ್ದವನ್ನು ತಿದ್ದುವುದು, ಸಾಕೆಂದ ಹಾಡನ್ನು ಮತ್ತೆ ಬಿಚ್ಚುವುದು ಅವರ ಸ್ವಭಾವ. ರಾಯ್ ಬಿಟ್ಟನ್ ಮತ್ತೆ ಪಿಯಾನೊಕ್ಕೆ ಬಂದರು, ಬಿಲ್ ಪೇನ್ ಜೊತೆಗೂಡಿದರು, ಕೆನ್ನಿ ಅರೊನಾಫ್ ಡ್ರಮ್ಸ್, ಟಿಮ್ ಪಿಯರ್ಸ್ ಗಿಟಾರ್. ಹಳಬರಾದ ರನ್‌ಗ್ರೆನ್, ಎಲೆನ್ ಫೋಲಿ, ಕಸೀಮ್ ಸಲ್ಟನ್, ರೋರಿ ಡಾಡ್ ಹಿಮ್ಮೇಳದಲ್ಲಿ ನಿಂತರು. 1981ರಲ್ಲಿ 'ರಾಕ್ ಅಂಡ್ ರೋಲ್ ಡ್ರೀಮ್ಸ್' ಹಾಡನ್ನು ಮುಮ್ಮೇಳದಲ್ಲಿ ಹಾಡಿದ್ದ ಡಾಡ್, ಅದು ಯಾರಿಗಾಗಿ ಹುಟ್ಟಿತ್ತೋ ಅವರು ಬಂದು ಹಾಡುವಾಗ ಅದೇ ಆಲ್ಬಂನ ಹಿಮ್ಮೇಳದಲ್ಲಿ ದನಿಗೂಡಿಸಿದ್ದಾರೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಇಷ್ಟು ಎಚ್ಚರದಿಂದ, ಇಷ್ಟು ವರ್ಷಗಳ ಯೋಜನೆಯಿಂದ ಕಟ್ಟಿದ ಆಲ್ಬಂನ ಅತಿ ಪ್ರಸಿದ್ಧ ಹಾಡಿನ ಹೆಣ್ಣಿನ ದನಿ ಮಾತ್ರ ಯೋಜನೆಯಿಲ್ಲದೆ ಬಂದದ್ದು. ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆಯ ಲೊರೇನ್ ಕ್ರಾಸ್ಬಿ ಆ ದಿನಗಳಲ್ಲಿ ತಮ್ಮದೇ ಅವಕಾಶ ಹುಡುಕಿಕೊಂಡು ಲಾಸ್ ಏಂಜಲೀಸಿಗೆ ಬಂದಿದ್ದರು. ಮುಂದೆ ಯಾರೋ ಹೆಸರಾಂತ ಗಾಯಕಿ ಹಾಡುವವರೆಗೆ ಜಾಗ ಹಿಡಿದಿಡಲೆಂದು, ನಮ್ಮ ಸಿನಿಮಾ ಸಂಗೀತದವರು ಟ್ರ್ಯಾಕ್ ಎನ್ನುತ್ತಾರಲ್ಲ, ಆ ಬಗೆಯಲ್ಲಿ ಅವರಿಂದ ಹಾಡಿಸಿದರು. ಹೆಸರಾಂತ ಗಾಯಕಿಯ ಅಗತ್ಯವೇ ಬೀಳದಷ್ಟು ಅದು ಚೆನ್ನಾಗಿತ್ತು. ಆಲ್ಬಂನ ಮೇಲೆ ಅವರ ನಿಜವಾದ ಹೆಸರಿನ ಬದಲು 'ಮಿಸೆಸ್ ಲೌಡ್' ಎಂದು ಅಚ್ಚಾಯಿತು. ಮೈಕೆಲ್ ಬೇ ನಿರ್ದೇಶಿಸಿದ ವಿಡಿಯೊದಲ್ಲಿ ಡಾನಾ ಪ್ಯಾಟ್ರಿಕ್ ಎಂಬ ನಟಿ ಆ ದನಿಗೆ ತುಟಿ ಆಡಿಸಿದರು. ಹಾಡು 28 ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿತು, ಬ್ರಿಟನ್ನಿನಲ್ಲಿ ಏಳು ವಾರ ಅಲ್ಲಿಯೇ ನಿಂತಿತು, ಮೀಟ್ ಲೋಫ್ ಅವರಿಗೆ ಗ್ರ್ಯಾಮಿ ಪ್ರಶಸ್ತಿ ತಂದಿತು. ಆ ಉತ್ತರದ ಅರ್ಧ ಭಾರವನ್ನು ಹೊತ್ತ ಕ್ರಾಸ್ಬಿಯವರ ಹೆಸರು ಹೊದಿಕೆಯ ಮೇಲೆ ಇರಬೇಕಿತ್ತು ಎಂದು ನಾನು ಇಂದಿಗೂ ದೃಢವಾಗಿ ನಂಬುತ್ತೇನೆ.

ಅದೇ ಸೆಪ್ಟೆಂಬರಿನಲ್ಲಿ ನಿರ್ವಾಣ ತಂಡದ 'ಇನ್ ಯೂಟೆರೊ' ಹೊರಬಂದಿತು. ರಾಕ್ ಸಂಗೀತ ಅಲಂಕಾರಗಳನ್ನೆಲ್ಲ ಕಳಚಿ, ಗೊಣಗುವ ಗಿಟಾರು ಮತ್ತು ನೊಂದ ದನಿಗಳತ್ತ ತಿರುಗಿದ್ದ ಕಾಲ ಅದು. ಅಂಥ ಕಾಲದಲ್ಲಿ ನಲವತ್ತಾರರ ಹೊಸ್ತಿಲಲ್ಲಿದ್ದ ಗಾಯಕನ ಈ ಭಾರಿ ಒಪೆರಾ, ಮೊದಲ ಭಾಗ ಎಂದೂ ಮುಟ್ಟದಿದ್ದ ಅಮೆರಿಕದ ಮೊದಲ ಸ್ಥಾನವನ್ನು ಮುಟ್ಟಿತು. ಹಳೆಯ ನೆನಪಿನ ಮೋಹವೊಂದರಿಂದಲೇ ಇದಾಯಿತೆಂದು ನನಗನಿಸುವುದಿಲ್ಲ. ನಮ್ಮ ಟಿವಿ ಕೋಣೆಯಲ್ಲಿ ನಿಂತೇ ಇದ್ದವರಿಗೆ ನೆನಪಿಸಿಕೊಳ್ಳಲು ಹಳೆಯದೇನೂ ಇರಲಿಲ್ಲ.

ಆಲ್ಬಂನ ನಡುವೆ 'ಆಬ್ಜೆಕ್ಟ್ಸ್ ಇನ್ ದ ರಿಯರ್ ವ್ಯೂ ಮಿರರ್' ಎಂಬ ಹತ್ತು ನಿಮಿಷಗಳ ಹಾಡಿದೆ. ನನ್ನ ಮಟ್ಟಿಗೆ ಇಡೀ ಆಲ್ಬಂನ ಜೀವ ಅಲ್ಲಿದೆ. ವಿಮಾನ ಅಪಘಾತದಲ್ಲಿ ಸತ್ತ ಬಾಲ್ಯದ ಗೆಳೆಯ, ಹೊಡೆಯುತ್ತಿದ್ದ ತಂದೆ, ಕಾರಿನೊಳಗೆ ಪ್ರೀತಿ ಕಲಿಸಿದ ಹುಡುಗಿ: ಮೂರು ಚರಣಗಳಲ್ಲಿ ಮೂರು ಋತುಗಳು, ಮೂರು ನೆನಪುಗಳು. ಹಾಡಿದವರ ತಂದೆಯೂ ಕುಡಿತಕ್ಕೆ ಬಿದ್ದವರಾಗಿದ್ದರೆಂಬುದನ್ನು ತಿಳಿದು ಕೇಳಿದರೆ ಎರಡನೆಯ ಚರಣವನ್ನು ಕೇಳಿಸಿಕೊಳ್ಳುವುದೇ ಕಷ್ಟ. ಮೊದಲ ಆಲ್ಬಂನ ರಸ್ತೆಗಳೆಲ್ಲ ಮುಂದಕ್ಕೆ ಓಡುತ್ತವೆ, ಅದರ ಸವಾರನಿಗೆ ಹಿಂದೆ ನೋಡುವ ಅಭ್ಯಾಸವಿಲ್ಲ. ಇಲ್ಲಿ ಅದೇ ಸವಾರ ಕನ್ನಡಿ ನೋಡಿಕೊಂಡು ವಾಹನ ನಡೆಸುತ್ತಿದ್ದಾನೆ. ಇದಾದ ಮೇಲೆ, ಆಲ್ಬಂನ ಕೊನೆಯಲ್ಲಿ, ಎಂದಿಗೂ ದೊಡ್ಡವರಾಗದವರ ಬಗೆಗಿನ 'ಲಾಸ್ಟ್ ಬಾಯ್ಸ್ ಅಂಡ್ ಗೋಲ್ಡನ್ ಗರ್ಲ್ಸ್' ಬರುತ್ತದೆ. 1981ರ ಮುದ್ರಣದಲ್ಲಿ ಅದು ನೆವರ್‌ಲ್ಯಾಂಡಿನ ಹುಡುಗರ ನಂಬಿಕೆ. 1993ರಲ್ಲಿ, ದನಿ ಕಳೆದುಕೊಂಡು ಮರಳಿ ಪಡೆದವನೊಬ್ಬ ಅದೇ ಸಾಲುಗಳನ್ನು ಮೆಲ್ಲಗೆ ಹಾಡುವಾಗ, ಆ ನಂಬಿಕೆ ಸುಳ್ಳೆಂದು ತಿಳಿದೂ ಅದನ್ನು ಬಿಟ್ಟುಕೊಡಲು ಒಪ್ಪದ ಹಟ ಕೇಳಿಸುತ್ತದೆ. ಮಾತು ಬದಲಾಗಿಲ್ಲ, ರಾಗ ಬದಲಾಗಿಲ್ಲ. ವಿಳಂಬವೇ ಹಾಡನ್ನು ತಿದ್ದಿದೆ.

ಮೂರನೆಯದು, ಮತ್ತು ಆಗದೆ ಉಳಿದದ್ದು

ಮೂರನೆಯ ಭಾಗ 2006ರ ಅಕ್ಟೋಬರ್ 31ರಂದು ಬಂದಿತು. ಅದಕ್ಕೆ ಮುನ್ನ ಹೆಸರಿನ ಹಕ್ಕಿಗಾಗಿಯೇ ಇಬ್ಬರ ನಡುವೆ ಮತ್ತೆ ದಾವೆಯಾಗಿ, ರಾಜಿಯಲ್ಲಿ ಮುಗಿದಿತ್ತು. ನಿರ್ಮಾಪಕರು ಡೆಸ್ಮಂಡ್ ಚೈಲ್ಡ್. ಹದಿನಾಲ್ಕು ಹಾಡುಗಳಲ್ಲಿ ಏಳು ಮಾತ್ರ ಸ್ಟೈನ್‌ಮನ್ ಬರೆದವು, ಅವರು ಸ್ಟುಡಿಯೊದಲ್ಲಿರಲಿಲ್ಲ. ಹಿಂದೆ ನಿರಾಕರಿಸಲ್ಪಟ್ಟ 'ಇಟ್ಸ್ ಆಲ್ ಕಮಿಂಗ್ ಬ್ಯಾಕ್' ಇಲ್ಲಿ ಮರಿಯನ್ ರಾವೆನ್ ಜೊತೆಗಿನ ಯುಗಳ ಗೀತೆಯಾಗಿ ಬಂದಿತು. ಹೆಸರು, ಶಾರೀರ, ಅರ್ಧದಷ್ಟು ಹಾಡುಗಳು ಎಲ್ಲ ಇದ್ದವು. ಹಾಡಿನಿಂದ ಹಾಡಿಗೆ ಕಥೆಯನ್ನು ಒಯ್ಯುವ ಮನಸ್ಸು ಇರಲಿಲ್ಲ. ಎರಡನೆಯದಕ್ಕೆ ಹದಿನಾರು ವರ್ಷ, ಮೂರನೆಯದಕ್ಕೆ ಹದಿಮೂರು. ಕಾಯುವಿಕೆ ತಾನಾಗಿಯೇ ಏನನ್ನೂ ಮಾಗಿಸುವುದಿಲ್ಲವೆಂಬುದಕ್ಕೆ ಆ ಆಲ್ಬಂ ನನಗೆ ಸಾಕ್ಷಿ. 2017ರಲ್ಲಿ ಮ್ಯಾಂಚೆಸ್ಟರಿನ ಒಪೆರಾ ಹೌಸಿನಲ್ಲಿ ಸ್ಟೈನ್‌ಮನ್ ಅವರ ನಾಟಕ ಕೊನೆಗೂ ರಂಗವೇರಿತು, ಹದಿನೆಂಟರಲ್ಲೇ ನಿಂತುಹೋದ ಹುಡುಗರ ಕಥೆಯಾಗಿ. 2021ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು, 2022ರ ಜನವರಿಯಲ್ಲಿ ಮೀಟ್ ಲೋಫ್.

ಇತ್ತೀಚೆಗೆ ನಾನು ಒಂದು ಕೆಲಸ ಮಾಡಿದ್ದೇನೆ. 1981ರ 'ಬ್ಯಾಡ್ ಫಾರ್ ಗುಡ್' ಆಲ್ಬಂನ ಹಾಡುಗಳನ್ನು ಮೀಟ್ ಲೋಫ್ ಒಂದೊಂದಾಗಿ ಬೇರೆ ಬೇರೆ ಆಲ್ಬಂಗಳಲ್ಲಿ ಹಾಡುತ್ತಲೇ ಬಂದಿದ್ದರು: 'ಸರ್ಫ್ಸ್ ಅಪ್' 1984ರಲ್ಲಿ, ಮೂರು ಹಾಡುಗಳು 1993ರಲ್ಲಿ, 'ಲೆಫ್ಟ್ ಇನ್ ದ ಡಾರ್ಕ್' 1995ರಲ್ಲಿ, ಶೀರ್ಷಿಕೆ ಗೀತೆ 2006ರಲ್ಲಿ. ಅವನ್ನೆಲ್ಲ ಒಟ್ಟುಗೂಡಿಸಿ, ಹಳೆಯ ತಟ್ಟೆಯಲ್ಲಿದ್ದ ಅನುಕ್ರಮದಲ್ಲೇ ಜೋಡಿಸಿ ಕೇಳುತ್ತಿದ್ದೇನೆ. ಎರಡು ಹಾಡುಗಳ ಜಾಗ ಖಾಲಿಯಿದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಾಯಕನ ವಯಸ್ಸು 59ರಿಂದ 45ಕ್ಕೆ, ಅಲ್ಲಿಂದ 37ಕ್ಕೆ ಇಳಿದು, ಮತ್ತೆ 48ಕ್ಕೆ ಏರುತ್ತದೆ. ಶೀರ್ಷಿಕೆ ಗೀತೆಯೇ ಮೊದಲು ಬರುವುದರಿಂದ ಪಟ್ಟಿ ಶುರುವಾಗುವುದು ಅತ್ಯಂತ ದಣಿದ ದನಿಯಲ್ಲಿ. ಅದರ ಜಾಗದಲ್ಲಿ ಸ್ಟೈನ್‌ಮನ್ ಅವರ ಮುದ್ರಣವನ್ನೇ ಇಟ್ಟು ನೋಡಿದೆ, ಹರೆಯವಿತ್ತು, ಬಲವಿರಲಿಲ್ಲ. ಈಗ 2006ರದನ್ನೇ ಮರಳಿ ಇಟ್ಟಿದ್ದೇನೆ, ಸ್ವರ ಕೆಲವೆಡೆ ಒಡೆಯುವುದನ್ನು ಕೇಳಿಯೂ.